ಸಹಾಯ ಬೇಕು: ಕೋಕಾ ಬಿಟ್ಟು ಒಳ್ಳೇ ಚಾಲಿಗೆ ಗಾಳಿ ಹೊಡೆಯುವ ಯಂತ್ರ

ನಮಸ್ಕಾರ. ಮನೆಯ ಚಾಲಿ (ಒಣಗಿಸಿ ಸುಲಿದ) ಅಡಿಕೆಯಿಂದ ಕೋಕಾ, ಅಂದರೆ ಹಾಳಾದ ಅಡಿಕೆ, ಬೇರೆ ಮಾಡಲು ಚಿಕ್ಕ ಯಂತ್ರ ಕಟ್ಟುತ್ತಿದ್ದೇನೆ. ಬೆಲ್ಟ್ ಮೇಲೆ ಕ್ಯಾಮೆರಾ, ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ಚಿತ್ರ ನೋಡಿ ಗುರುತಿಸಲು ಓಪನ್‌ಸಿವಿ ಸಾಫ್ಟ್‌ವೇರ್, ಕೊನೆಯಲ್ಲಿ ಕೋಕಾವನ್ನು ಊದಿ ಹಾರಿಸಲು ಗಾಳಿಯ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ) ವಾಲ್ವ್.

ಮೊದಲು ಚಿತ್ರ ಮಸುಕಾಗುತ್ತಿತ್ತು. ಬೆಲ್ಟ್ ಸೆಕೆಂಡಿಗೆ 30 ಸೆಂ.ಮೀ. ಓಡುತ್ತದೆ. ಎಕ್ಸ್‌ಪೋಶರ್ (ಒಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ತೆಗೆದುಕೊಳ್ಳುವ ಸಮಯ) 10 ಮಿಲಿಸೆಕೆಂಡ್ ಇದ್ದರೆ ಅಷ್ಟರಲ್ಲೇ ಅಡಿಕೆ 3 ಮಿ.ಮೀ. ಜರುಗಿಬಿಡುತ್ತದೆ! 1ಕ್ಕೆ ಇಳಿಸಿದೆ, ಕತ್ತಲಾಯಿತು. ಮನೆಯ ಬಲ್ಬ್ ಹಾಕಿದರೆ ಚಿತ್ರದಲ್ಲಿ ಪಟ್ಟೆ. ಡಿಸಿ ಎಲ್‌ಇಡಿ ಹಾಕಿದ ಮೇಲೆ ಸರಿಹೋಯಿತು. ಈಗ ಗುರುತಿಸುವುದರಲ್ಲಿ ತೊಂದರೆ ಇಲ್ಲ.

ತಲೆನೋವು ಗಾಳಿಯದ್ದು. ಕ್ಯಾಮೆರಾದಿಂದ ವಾಲ್ವ್‌ಗೆ 24 ಸೆಂ.ಮೀ. ಹಾಗಾಗಿ ಫೋಟೋ ತೆಗೆದ 800 ಮಿಲಿಸೆಕೆಂಡ್‌ಗೆ ಊದಿಸುತ್ತೇನೆ. ಅಡಿಕೆ ಜಾಸ್ತಿ ಸುರಿದರೆ ಬೆಲ್ಟ್ ನಿಧಾನವಾಗುತ್ತದೆ. ವೇಗ 10% ಇಳಿದರೂ ಕೋಕಾ 2.4 ಸೆಂ.ಮೀ. ಹಿಂದೆಯೇ ಉಳಿಯುತ್ತದೆ, ಮುಂದಿನ ಒಳ್ಳೇ ಅಡಿಕೆ ಹಾರಿಹೋಗುತ್ತದೆ. ಅಪ್ಪ ನೋಡಿ ನಕ್ಕರು. ಡಿಲೇ ಬದಲಿಸಿ ನೋಡಿದೆ, ದೊಡ್ಡ ಮೋಟಾರೂ ಹಾಕಿದೆ. ಆಗ ರೋಲರ್ ಮೇಲೆ ಬೆಲ್ಟೇ ಜಾರಿತು.

ಟೈಮರ್ ಬಿಟ್ಟು ಎನ್‌ಕೋಡರ್ (ಎಷ್ಟು ತಿರುಗಿತು ಅಂತ ಪಲ್ಸ್ ಕೊಟ್ಟು ಹೇಳುವ ಸೆನ್ಸರ್) ಪಲ್ಸ್ ಎಣಿಸಬೇಕು ಅಂತ ಗೊತ್ತಾಗಿದೆ. ಎನ್‌ಕೋಡರನ್ನು ಮೋಟಾರ್ ಶಾಫ್ಟ್‌ಗೆ ಕೂರಿಸಲಾ, ಸುಮ್ನೆ ತಿರುಗುವ ಆಚೆ ತುದಿಯ ರೋಲರ್‌ಗಾ? ಪಲ್ಸ್ ಎಣಿಕೆ ಪೈಗೇ ಬಿಡಬಹುದಾ, ಅದಕ್ಕೇ ಬೇರೆ ಆರ್ಡುಯಿನೊ (ಚಿಕ್ಕ ಕಂಟ್ರೋಲರ್ ಬೋರ್ಡ್) ಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.