ಕಾರಿನ ಸ್ವಯಂಚಾಲನಾ ತಂತ್ರಾಂಶಕ್ಕೆ ಹೆಚ್ಚುವರಿ ಹಣ ಕೊಡುವುದು ಸಾರ್ಥಕವೇ?

ನವಸಾರಥಿ:
ಹೊಸ ಕಾರೊಂದನ್ನು ಕೊಳ್ಳುವ ತೀರ್ಮಾನ ಬಹುತೇಕ ಆಗಿದೆ. ಲೇನ್ ಹಿಡಿದು ಸಾಗುವ, ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳುವ, ತುರ್ತಿನಲ್ಲಿ ತಾನೇ ಬ್ರೇಕ್ ಹಾಕುವ ಸೌಲಭ್ಯಗಳು ಅದರೊಂದಿಗೇ ಬರುತ್ತವೆ. ಇವುಗಳ ಮೇಲೆ, ತಾನಾಗಿ ಲೇನ್ ಬದಲಿಸುವ, ಸಿಗ್ನಲ್ ಗುರುತಿಸಿ ನಿಲ್ಲುವ, ನಗರದ ತಿರುವುಗಳನ್ನೂ ದಾಟಿಸುವ ತಂತ್ರಾಂಶ ಬೇಕೆಂದರೆ ದೊಡ್ಡ ಮೊತ್ತವೊಂದನ್ನು ಒಮ್ಮೆಗೇ ಕೊಡಬೇಕು, ಇಲ್ಲವೇ ತಿಂಗಳ ಚಂದಾ ಕಟ್ಟಬೇಕು. ತಂತ್ರಾಂಶದ ಸಾಮರ್ಥ್ಯ ಹೆಚ್ಚಿದಂತೆ ಬೆಲೆಯೂ ಏರುವುದರಿಂದ ಈಗಲೇ ಕೊಳ್ಳುವುದು ಜಾಣತನ ಎಂದು ಮಾರಾಟಗಾರರು ಹೇಳುತ್ತಿದ್ದಾರೆ. ಬಳಸಿದವರೂ ಬೇಡವೆಂದು ಬಿಟ್ಟವರೂ ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಲೆಕ್ಕಿಗ:
ಬೆಲೆ ಏರುತ್ತಲೇ ಹೋಗುತ್ತದೆ ಎಂಬ ಮಾತನ್ನು ಪರೀಕ್ಷಿಸಲು ಹಲವು ವರ್ಷಗಳ ಉದಾಹರಣೆಯೊಂದು ನಮ್ಮ ಮುಂದಿದೆ. ಪೂರ್ಣ ಸ್ವಯಂಚಾಲನೆಗೆ ಬೇಕಾದ ಯಂತ್ರಾಂಶವೆಲ್ಲ ತನ್ನ ಕಾರುಗಳಲ್ಲಿ ಇದೆಯೆಂದು ಟೆಸ್ಲಾ ಕಂಪನಿ 2016ರ ಅಕ್ಟೋಬರ್‌ನಲ್ಲಿ ಘೋಷಿಸಿ, ಇನ್ನೂ ಸಿದ್ಧವಾಗದ ತಂತ್ರಾಂಶಕ್ಕೆ ಮುಂಗಡವಾಗಿಯೇ ಹಣ ಪಡೆಯತೊಡಗಿತು. ಅಮೆರಿಕದಲ್ಲಿ ಅದರ ಬೆಲೆ 2020ರ ಅಕ್ಟೋಬರ್ ಹೊತ್ತಿಗೆ 10,000 ಡಾಲರ್, 2022ರ ಜನವರಿಯಲ್ಲಿ 12,000, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 15,000 ಡಾಲರ್ ಆಯಿತು. ಅಲ್ಲಿಯವರೆಗೆ ಮಾರಾಟಗಾರರ ಮಾತಿಗೆ ಆಧಾರವಿತ್ತು. ಅನಂತರ ಅದು 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ 12,000ಕ್ಕೂ 2024ರ ಏಪ್ರಿಲ್‌ನಲ್ಲಿ 8,000ಕ್ಕೂ ಇಳಿಯಿತು. ತಂತ್ರಾಂಶ ಎದ್ದುಕಾಣುವಂತೆ ಸುಧಾರಿಸಿದ ಅವಧಿಯಲ್ಲೇ ಬೆಲೆ ಸುಮಾರು ಅರ್ಧಕ್ಕೆ ಬಂದಿತು.

ಚಂದಾದ ಕಥೆಯೂ ಹೀಗೆಯೇ. 2021ರ ಜುಲೈಯಲ್ಲಿ ತಿಂಗಳಿಗೆ 199 ಡಾಲರ್‌ನಿಂದ ಆರಂಭವಾದದ್ದು 2024ರ ಏಪ್ರಿಲ್‌ನಲ್ಲಿ 99ಕ್ಕೆ ಇಳಿಯಿತು. 8,000 ಡಾಲರನ್ನು ತಿಂಗಳಿಗೆ 99ರಂತೆ ಹಂಚಿದರೆ ಸುಮಾರು 81 ತಿಂಗಳು, ಅಂದರೆ ಆರು ವರ್ಷ ಒಂಬತ್ತು ತಿಂಗಳಾಗುತ್ತದೆ. ಅಷ್ಟು ಕಾಲ ಒಂದು ತಿಂಗಳೂ ಬಿಡದೆ ಚಂದಾ ಕಟ್ಟುವವರಿಗೆ ಮಾತ್ರ, ಅದೂ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಒಮ್ಮೆಗೇ ಕೊಳ್ಳುವುದು ಲಾಭವಾಗುತ್ತಿತ್ತು. ಕೊನೆಗೆ 2026ರ ಜನವರಿಯಲ್ಲಿ, ಒಮ್ಮೆಗೇ ಮಾರುವ ಪದ್ಧತಿಯನ್ನು ನಿಲ್ಲಿಸಿ ಇನ್ನು ಚಂದಾ ಮಾತ್ರ ಎಂದು ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಅವರೇ ಘೋಷಿಸಿದರು.

ದೂರಪಯಣಿಗ:
ಲೆಕ್ಕಿಗರ ಅಂಕಿಗಳ ಬಗ್ಗೆ ತಕರಾರಿಲ್ಲ. ಆದರೆ ಹಣ ಹಿಂದಿರುಗುತ್ತದೆಯೇ ಎಂಬ ಒಂದೇ ಅಳತೆಗೋಲಿನಿಂದ ಈ ಸೌಲಭ್ಯವನ್ನು ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಕೆಲಸದ ನಿಮಿತ್ತ ವಾರವಾರವೂ ಹೆದ್ದಾರಿಯಲ್ಲಿ ದೂರ ಪ್ರಯಾಣ ಮಾಡುವ ನನಗೆ, ಗಂಟೆಗಟ್ಟಲೆ ಸ್ಟೀರಿಂಗನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತ, ವೇಗವನ್ನು ಕ್ಷಣಕ್ಷಣಕ್ಕೂ ಹೊಂದಿಸುತ್ತ ಕೂರುವ ದುಡಿಮೆ ತಪ್ಪಿದೆ. ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ, ಆದರೆ ದೂರದಲ್ಲಿ ಏನಾಗುತ್ತಿದೆ ಎಂಬುದನ್ನು ನೋಡಲು ಮನಸ್ಸಿಗೆ ಬಿಡುವು ಸಿಗುತ್ತದೆ. ಇಳಿದಾಗ ದೇಹದಲ್ಲಿ ಉಳಿದಿರುವ ಶಕ್ತಿಯ ವ್ಯತ್ಯಾಸ ನನಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಚರ್ಮದ ಆಸನಕ್ಕೂ ಗಾಜಿನ ಛಾವಣಿಗೂ ಹಣ ಕೊಡುವಾಗ ಯಾರೂ ಲಾಭನಷ್ಟದ ಪಟ್ಟಿ ಬರೆಯುವುದಿಲ್ಲ.

ತಂತ್ರಜ್ಞೆ:
ನವಸಾರಥಿಯವರೇ, ದೂರಪಯಣಿಗರು ವರ್ಣಿಸಿದ ಹೆದ್ದಾರಿಯ ಸುಖದ ಬಹುಪಾಲು, ನಿಮ್ಮ ಕಾರಿನೊಂದಿಗೇ ಬರುವ ಲೇನ್ ಮತ್ತು ಅಂತರದ ಸೌಲಭ್ಯಗಳಿಂದಲೇ ದೊರೆಯುತ್ತದೆ. ಹೆಚ್ಚುವರಿ ಹಣ ಹೋಗುವುದು ಮುಖ್ಯವಾಗಿ ನಗರದ ಚಾಲನೆಗೆ, ಮತ್ತು ಈ ತಂತ್ರಜ್ಞಾನಕ್ಕೆ ಅತ್ಯಂತ ಕಷ್ಟವಾದ ಜಾಗವೂ ಅದೇ.

ಎಸ್‌ಎಇ ಎಂಬ ಎಂಜಿನಿಯರ್‌ಗಳ ಸಂಸ್ಥೆ ವಾಹನಗಳ ಸ್ವಯಂಚಾಲನೆಯನ್ನು 0ಯಿಂದ 5ರವರೆಗೆ ಆರು ಹಂತಗಳಾಗಿ ವಿಂಗಡಿಸಿದೆ. ಎರಡನೆಯ ಹಂತದಲ್ಲಿ ಯಂತ್ರವು ಸ್ಟೀರಿಂಗ್, ಬ್ರೇಕ್, ವೇಗವರ್ಧನೆಗಳನ್ನು ನಡೆಸುತ್ತದೆಯಾದರೂ ಚಾಲಕನೇ ಸದಾ ರಸ್ತೆಯನ್ನು ಗಮನಿಸುತ್ತಿರಬೇಕು. ಮೂರನೆಯ ಹಂತದಲ್ಲಿ ನಿಗದಿತ ಸನ್ನಿವೇಶಗಳ ಮಟ್ಟಿಗೆ ಆ ಗಮನವನ್ನೂ ಯಂತ್ರವೇ ವಹಿಸಿಕೊಳ್ಳುತ್ತದೆ. ಖಾಸಗಿ ಕಾರುಗಳಿಗೆ ಮಾರಲಾಗುತ್ತಿರುವ ಇಂಥ ದುಬಾರಿ ತಂತ್ರಾಂಶಗಳಲ್ಲಿ ಹೆಚ್ಚಿನವು, ಎಷ್ಟೇ ಚಮತ್ಕಾರ ತೋರಿದರೂ, ಎರಡನೆಯ ಹಂತದವೇ.

ನನ್ನ ಆಕ್ಷೇಪವಿರುವುದು ಈ ಎರಡನೆಯ ಹಂತದ ಒಂದು ವಿಚಿತ್ರ ಗುಣದ ಬಗ್ಗೆ. ಪದೇಪದೇ ತಪ್ಪುವ ವ್ಯವಸ್ಥೆಯನ್ನು ನಾವು ಎಚ್ಚರದಿಂದ ಕಾಯುತ್ತೇವೆ. ಅದು ಸುಧಾರಿಸಿ ತೀರಾ ಅಪರೂಪಕ್ಕೊಮ್ಮೆ ಮಾತ್ರ ತಪ್ಪುವಂತಾದಾಗ ನಮ್ಮ ಗಮನ ತಾನಾಗಿಯೇ ಸಡಿಲಗೊಳ್ಳುತ್ತದೆ, ಆ ಅಪರೂಪದ ತಪ್ಪು ಎದುರಾಗುವುದೂ ಆಗಲೇ. ಮಾಡಲು ಏನೂ ಇಲ್ಲದ ಮನುಷ್ಯ ಬಹುಕಾಲ ಎಚ್ಚರವಾಗಿ ಕಾವಲು ಕೂರಲಾರ ಎಂಬುದನ್ನು ಕಾರ್ಖಾನೆ ಮತ್ತು ವಿಮಾನಗಳ ಸ್ವಯಂಚಾಲನೆಯನ್ನು ಕುರಿತು ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಬರೆದರು. ಕಾರಿನಲ್ಲಿ ಈ ತೊಂದರೆ ಇನ್ನೂ ತೀವ್ರ. ವಿಮಾನ ಬಹಳ ಎತ್ತರದಲ್ಲಿರುವಾಗ ಪೈಲಟ್‌ಗೆ ಯೋಚಿಸಲು ಸಾಮಾನ್ಯವಾಗಿ ಸ್ವಲ್ಪ ಸಮಯವಾದರೂ ಸಿಗುತ್ತದೆ, ನಗರದ ಕೂಡುರಸ್ತೆಯಲ್ಲಿ ಚಾಲಕನಿಗೆ ಒಂದೆರಡು ಸೆಕೆಂಡುಗಳೂ ಸಿಗದಿರಬಹುದು.

ಆದ್ದರಿಂದ ಕ್ಯಾಮೆರಾಗಳ ಸಂಖ್ಯೆಗಿಂತ, ಚಾಲಕನ ಗಮನವನ್ನು ಕಾರು ಹೇಗೆ ಪರಿಶೀಲಿಸುತ್ತದೆ ಎಂಬುದನ್ನು ಮೊದಲು ವಿಚಾರಿಸಿ. ಅಮೆರಿಕದ ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆಯು 2024ರ ಮಾರ್ಚ್‌ನಲ್ಲಿ ಇಂಥ 14 ವ್ಯವಸ್ಥೆಗಳ ಸುರಕ್ಷತಾ ಏರ್ಪಾಡುಗಳಿಗೆ ಶ್ರೇಣಿ ನೀಡಿದಾಗ 11 ವ್ಯವಸ್ಥೆಗಳು ಕಳಪೆ ಎನಿಸಿಕೊಂಡವು. ಸಮಾಧಾನಕರ ಎನ್ನಿಸಿಕೊಂಡದ್ದು ಒಂದೇ ಒಂದು.

ದೂರಪಯಣಿಗ:
ಗಮನ ಸಡಿಲವಾಗುವುದು ತಂತ್ರಾಂಶವಿಲ್ಲದ ಕಾರಿನಲ್ಲೂ ಇದೆ. ದಣಿದವನು, ಮೊಬೈಲ್ ನೋಡುವವನು, ತೂಕಡಿಸುವವನು ಈಗಲೂ ರಸ್ತೆಯಲ್ಲಿದ್ದಾನೆ. ಆ ಮನುಷ್ಯನಿಗಿಂತ ಯಂತ್ರ ಮೇಲಲ್ಲವೇ?

ತಂತ್ರಜ್ಞೆ:
ತೂಕಡಿಸುವವನ ರಕ್ಷಣೆಗೆ ಅತ್ಯಂತ ನೆರವಾಗುವುದು ತುರ್ತು ಬ್ರೇಕ್ ಮತ್ತು ಲೇನ್ ತಪ್ಪಿದಾಗ ಎಚ್ಚರಿಸುವ ಸೌಲಭ್ಯ. ಮುಂದಿನ ವಾಹನಕ್ಕೆ ಹಿಂದಿನಿಂದ ಡಿಕ್ಕಿ ಹೊಡೆಯುವ ಅಪಘಾತಗಳನ್ನು ತುರ್ತು ಬ್ರೇಕ್ ಸುಮಾರು ಅರ್ಧದಷ್ಟು ತಗ್ಗಿಸಿದೆಯೆಂದು ಅದೇ ಸಂಸ್ಥೆ ಕಂಡುಕೊಂಡಿದೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ ನೋಂದಣಿಯಾಗುವ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಆದರೆ ಎರಡನೆಯ ಹಂತದ ಚಾಲನಾ ವ್ಯವಸ್ಥೆಗಳು ಇದರ ಮೇಲೆ ಇನ್ನಷ್ಟು ಅಪಘಾತಗಳನ್ನು ತಪ್ಪಿಸುತ್ತವೆ ಎನ್ನಲು ತಕ್ಕ ಪುರಾವೆ ಸಿಗಲಿಲ್ಲವೆಂದೂ ಅವರೇ ಹೇಳಿದ್ದಾರೆ. ಸೌಕರ್ಯಕ್ಕಾಗಿ ಕೊಳ್ಳುತ್ತೇನೆ ಎನ್ನುವವರೊಂದಿಗೆ ನನಗೆ ಜಗಳವಿಲ್ಲ. ಸುರಕ್ಷತೆಗಾಗಿ ಕೊಳ್ಳುತ್ತೇನೆ ಎನ್ನುವವರಿಗೆ, ಅದರ ಮುಖ್ಯ ಭಾಗ ಆಗಲೇ ನಿಮ್ಮ ಕಾರಿನಲ್ಲಿದೆ ಎಂದು ಹೇಳುತ್ತೇನೆ.

ವಾದಿ:
ಯಾರೂ ಹೊಣೆಯ ಪ್ರಶ್ನೆಯನ್ನು ಎತ್ತಿಲ್ಲ, ನನ್ನ ಮಟ್ಟಿಗೆ ಬೆಲೆಯನ್ನು ತೂಗಬೇಕಾದ ತಕ್ಕಡಿಯೇ ಅದು. ಎರಡನೆಯ ಹಂತದ ತಂತ್ರಾಂಶ ಕಾರನ್ನು ನಡೆಸುತ್ತಿರುವಾಗ ಅಪಘಾತವಾದರೆ ಕಾನೂನಿನ ಕಣ್ಣಿನಲ್ಲಿ ಮೊದಲು ನಿಲ್ಲುವವನು ಚಾಲಕನೇ. 2025ರ ಆಗಸ್ಟ್‌ನಲ್ಲಿ ಫ್ಲೋರಿಡಾದ ಜ್ಯೂರಿಯೊಂದು 2019ರ ಮಾರಣಾಂತಿಕ ಅಪಘಾತದಲ್ಲಿ ಟೆಸ್ಲಾದ ಆಟೋಪೈಲಟ್ ಎಂಬ ಚಾಲನಾ ನೆರವಿನ ವ್ಯವಸ್ಥೆಗೆ ಸಂಬಂಧಿಸಿ ಕಂಪನಿಯನ್ನು ಶೇಕಡ 33ರಷ್ಟು ಹೊಣೆಯೆಂದು ತೀರ್ಮಾನಿಸಿ, ದಂಡರೂಪದ ಪರಿಹಾರವೂ ಸೇರಿ ಸುಮಾರು 24.3 ಕೋಟಿ ಡಾಲರ್ ಕೊಡಬೇಕೆಂದಿತು. ದೊಡ್ಡ ಸುದ್ದಿಯಾದದ್ದು ಆ ಮೊತ್ತ. ಉಳಿದ ಹೊಣೆ ಚಾಲಕನ ಮೇಲೆಯೇ ಬಿದ್ದಿತು ಎಂಬುದನ್ನೂ ಅಪಘಾತದಿಂದ ತೀರ್ಪಿಗೆ ಆರು ವರ್ಷ ಹಿಡಿಯಿತು ಎಂಬುದನ್ನೂ ಕೊಳ್ಳುವವರು ಗಮನಿಸಬೇಕು.

ಇದಕ್ಕೆ ಪ್ರತಿಯಾಗಿ ಮರ್ಸಿಡಿಸ್ ಕಂಪನಿಯ ಡ್ರೈವ್ ಪೈಲಟನ್ನು ನೋಡಿ. ಜರ್ಮನಿಯಲ್ಲಿ 2021ರ ಡಿಸೆಂಬರ್‌ನಲ್ಲಿ ಅನುಮತಿ ಪಡೆದ ಆ ಮೂರನೆಯ ಹಂತದ ವ್ಯವಸ್ಥೆ ಮೊದಲಿಗೆ ಗಂಟೆಗೆ 60 ಕಿಲೋಮೀಟರ್ ವೇಗದವರೆಗೆ, ನಿಗದಿತ ಹೆದ್ದಾರಿಗಳಲ್ಲಿ, ಹವೆ ಅನುಕೂಲವಾಗಿದ್ದಾಗ ಮಾತ್ರ ನಡೆಯುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಆ ಮಿತಿಯನ್ನು 95ಕ್ಕೆ ಏರಿಸಲು ಅನುಮತಿ ದೊರೆಯಿತು. ಮಾಡುವ ಕೆಲಸ ಕಿರಿದು, ಆದರೆ ವ್ಯವಸ್ಥೆ ನಡೆಯುತ್ತಿರುವಷ್ಟು ಹೊತ್ತು ಚಾಲಕ ಕಾನೂನುಬದ್ಧವಾಗಿಯೇ ರಸ್ತೆಯಿಂದ ಕಣ್ಣು ತೆಗೆಯಬಹುದು, ವ್ಯವಸ್ಥೆಯ ದೋಷದಿಂದಾದ ಅಪಘಾತದ ಹೊಣೆಯನ್ನು ಕಂಪನಿ ತಾನೇ ಹೊರುವುದಾಗಿ ಹೇಳಿದೆ. ಚಾಲನೆಯನ್ನು ಮರಳಿ ವಹಿಸಿಕೊಳ್ಳುವಂತೆ ಅದು ಕೇಳಿದಾಗ ಚಾಲಕನಿಗೆ ಸುಮಾರು ಹತ್ತು ಸೆಕೆಂಡುಗಳ ಅವಕಾಶವೂ ಇರುತ್ತದೆ. ನಗರದ ತುಂಬ ಕಾರು ಓಡಿಸಿ ಹೊಣೆಯನ್ನು ನನಗೇ ಬಿಡುವ ತಂತ್ರಾಂಶಕ್ಕಿಂತ, ನಿಧಾನವಾಗಿ ಓಡಿದರೂ ಹೊಣೆ ಹೊರುವ ತಂತ್ರಾಂಶಕ್ಕೆ ಹಣ ಕೊಡಲು ನಾನು ಸಿದ್ಧ.

ನಿಧಾನಿ:
ನನ್ನದು ಬೇರೆ ಪರಿಸ್ಥಿತಿ. ಸಂಧಿವಾತದಿಂದಾಗಿ ಬಹುಹೊತ್ತು ಸ್ಟೀರಿಂಗ್ ಹಿಡಿದಿರಲು ಕೈಗಳಿಗೆ ನೋವಾಗುತ್ತದೆ, ಪೂರ್ತಿಯಾಗಿ ಕುತ್ತಿಗೆ ತಿರುಗಿಸುವುದೂ ಸುಲಭವಲ್ಲ. ನನ್ನಂಥವರಿಗೆ ಇದು ಐಷಾರಾಮವಲ್ಲ, ಕಾರು ಓಡಿಸುವುದನ್ನು ಇನ್ನು ಕೆಲವು ವರ್ಷ ಮುಂದುವರಿಸುವ ದಾರಿ. ಹೀಗಿರುವಾಗ ಬೆಲೆಯ ಚರ್ಚೆ ನನಗೆ ಸ್ವಲ್ಪ ದೂರದ್ದೆನಿಸುತ್ತದೆ.

ತಂತ್ರಜ್ಞೆ:
ನಿಧಾನಿಯವರೇ, ನೋವನ್ನು ಕಡಿಮೆ ಮಾಡುವ ಸಾಧನವಾಗಿ ಇದು ನಿಮಗೆ ನಿಜಕ್ಕೂ ಉಪಯುಕ್ತ. ಈ ಚರ್ಚೆಯಲ್ಲಿರುವ ಯಾರಿಗಿಂತಲೂ ನಿಮಗೇ ಹೆಚ್ಚು ಉಪಯುಕ್ತವಾದೀತು. ಆದರೆ ಯಂತ್ರ ತಪ್ಪಿದ ಕ್ಷಣದಲ್ಲಿ ಅದು ನಿಮ್ಮಿಂದ ಬಯಸುವುದು ಸಾಮಾನ್ಯ ಚಾಲನೆಗಿಂತ ವೇಗವಾದ, ಬಲವಾದ ಕೈಚಳಕವನ್ನೇ. ಆ ಕ್ಷಣವನ್ನು ನಿಭಾಯಿಸಲು ಸಾಧ್ಯವಿರುವವರೆಗೆ ಮಾತ್ರ ಇದು ನೆರವು, ಆ ಶಕ್ತಿಗೆ ಬದಲಿಯಾಗಲಾರದು. ನಿಮ್ಮ ವೈದ್ಯರೊಂದಿಗೆ ಈ ಒಂದು ಅಂಶವನ್ನು ಮಾತನಾಡಿಕೊಂಡು ಮುಂದುವರಿಯುವುದು ಒಳ್ಳೆಯದು.

ಲೆಕ್ಕಿಗ:
ಒಮ್ಮೆಗೇ ಕೊಳ್ಳುವ ಬಗ್ಗೆ ಇನ್ನೊಂದು ಮಾತು ಉಳಿದಿದೆ. ತಂತ್ರಾಂಶ ಬೆಳೆಯುತ್ತದೆ, ಕಾರಿನೊಳಗಿನ ಕಂಪ್ಯೂಟರ್ ಬೆಳೆಯುವುದಿಲ್ಲ. 2019ರಿಂದ ಅಳವಡಿಸಲಾದ ಮೂರನೆಯ ಪೀಳಿಗೆಯ ಕಂಪ್ಯೂಟರ್ ಇರುವ ಟೆಸ್ಲಾ ಕಾರುಗಳಲ್ಲಿ, ಪೂರ್ಣ ಸ್ವಯಂಚಾಲನೆಗೆ ಹಣ ಕೊಟ್ಟವರಿಗೆ ಅದನ್ನು ಬದಲಿಸಿಕೊಡಬೇಕಾಗುತ್ತದೆ ಎಂದು ಮಸ್ಕ್ ಅವರು 2025ರ ಜನವರಿಯಲ್ಲಿ ಒಪ್ಪಿಕೊಂಡರು. ಎಲ್ಲ ಯಂತ್ರಾಂಶವೂ ಇದೆಯೆಂಬ 2016ರ ಘೋಷಣೆಯ ಪಕ್ಕದಲ್ಲಿಟ್ಟು ಇದನ್ನು ಓದಿ. ಇದಲ್ಲದೆ ತಂತ್ರಾಂಶ ಸಾಮಾನ್ಯವಾಗಿ ಕಾರಿಗೆ ಅಂಟಿರುತ್ತದೆ, ಮಾಲೀಕನಿಗಲ್ಲ. ಕಾರು ಅಪಘಾತದಲ್ಲಿ ನಾಶವಾದರೆ ಅದೂ ಹೋಯಿತು, ವಿಮೆಯ ಮೌಲ್ಯದಲ್ಲಿ ಅದನ್ನು ಸೇರಿಸಿರದಿದ್ದರೆ ಪರಿಹಾರದಲ್ಲೂ ಸೇರುವುದಿಲ್ಲ. ಸ್ಪರ್ಧೆಯೂ ಬೆಲೆಯನ್ನು ಕೆಳಕ್ಕೆ ಎಳೆಯುತ್ತಿದೆ: ಚೀನಾದ ಬಿವೈಡಿ ಕಂಪನಿ 2025ರ ಫೆಬ್ರವರಿಯಲ್ಲಿ ತನ್ನ ಚಾಲನಾ ನೆರವಿನ ವ್ಯವಸ್ಥೆಯನ್ನು ಅಗ್ಗದ ಮಾದರಿಗಳಿಗೂ ಹೆಚ್ಚುವರಿ ಬೆಲೆಯಿಲ್ಲದೆ ಕೊಡುವುದಾಗಿ ಪ್ರಕಟಿಸಿತು. ಎಲ್ಲ ವ್ಯವಸ್ಥೆಗಳೂ ಸಮಾನವೆಂದು ನಾನು ಹೇಳುತ್ತಿಲ್ಲ, ಬೆಲೆ ಏರುತ್ತಲೇ ಹೋಗುತ್ತದೆ ಎಂಬ ಭಯ ಬೇಡವೆಂದಷ್ಟೇ ನನ್ನ ಮಾತು.

ನವಸಾರಥಿ:
ಎಲ್ಲರಿಗೂ ಧನ್ಯವಾದಗಳು. ಒಮ್ಮೆಗೇ ಕೊಳ್ಳುವ ಆಲೋಚನೆಯನ್ನು ಕೈಬಿಟ್ಟಿದ್ದೇನೆ. ಕಾರನ್ನು ಹಾಗೆಯೇ ತೆಗೆದುಕೊಂಡು, ದೀರ್ಘ ಪ್ರವಾಸ ಹೊರಡುವ ತಿಂಗಳಲ್ಲಿ ಮಾತ್ರ ಚಂದಾ ಕಟ್ಟಿದರೆ ಹೇಗೆ?

ಲೆಕ್ಕಿಗ:
ಹಣದ ದೃಷ್ಟಿಯಿಂದ ಅದೇ ಸರಿ. ಯಾವ ತಿಂಗಳಲ್ಲಿ ಬೇಕಾದರೂ ಆರಂಭಿಸಿ ನಿಲ್ಲಿಸಬಹುದೇ, ಬೇಕಾದ ಕ್ಯಾಮೆರಾ ಮತ್ತು ಕಂಪ್ಯೂಟರ್ ಈಗಲೇ ಕಾರಿನಲ್ಲಿ ಇವೆಯೇ ಎಂಬುದನ್ನು ಮಾತ್ರ ಬರಹದಲ್ಲಿ ಪಡೆದುಕೊಳ್ಳಿ.

ದೂರಪಯಣಿಗ:
ಪರವಾಗಿ ವಾದಿಸಿದ ನಾನೇ ಈ ಯೋಜನೆಯ ಅರ್ಧವನ್ನು ವಿರೋಧಿಸಬೇಕಾಗಿದೆ. ಚಂದಾ ಸರಿ, ಆದರೆ ಪ್ರವಾಸದ ತಿಂಗಳೇ ಮೊದಲ ತಿಂಗಳಾಗುವುದು ಬೇಡ. ಈ ತಂತ್ರಾಂಶ ಯಾವ ಬಗೆಯ ತಿರುವಿನಲ್ಲಿ ಹಿಂಜರಿಯುತ್ತದೆ, ಅಳಿಸಿಹೋದ ಲೇನ್ ಗೆರೆಗಳ ಮೇಲೆ ಹೇಗೆ ವರ್ತಿಸುತ್ತದೆ, ಎದುರು ಬಿಸಿಲು ಕ್ಯಾಮೆರಾಕ್ಕೆ ಬಿದ್ದಾಗ ಏನು ಮಾಡುತ್ತದೆ ಎಂಬುದು ಬಳಸುತ್ತ ಹೋದಂತೆಯೇ ತಿಳಿಯುತ್ತದೆ, ತಂತ್ರಾಂಶ ನವೀಕರಣಗೊಂಡಾಗ ಆ ತಿಳಿವಳಿಕೆಯ ಒಂದಂಶ ಹಳತಾಗುವುದೂ ಉಂಟು. ಗೊತ್ತಿಲ್ಲದ ರಸ್ತೆಯನ್ನೂ ಗೊತ್ತಿಲ್ಲದ ಯಂತ್ರವನ್ನೂ ಒಟ್ಟಿಗೆ ಕಾಯುವುದು ದಣಿವನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಪ್ರವಾಸಕ್ಕೆ ಒಂದು ತಿಂಗಳು ಮೊದಲೇ ಚಂದಾ ಆರಂಭಿಸಿ, ನೀವು ದಿನವೂ ಓಡಾಡುವ, ಪ್ರತಿ ತಿರುವೂ ಪರಿಚಿತವಾಗಿರುವ ರಸ್ತೆಗಳಲ್ಲಿ ಅದರ ಸ್ವಭಾವವನ್ನು ನೋಡಿಕೊಳ್ಳಿ. ಇಷ್ಟವಾಗದಿದ್ದರೆ ನಿಮಗೆ ನಷ್ಟವಾಗುವುದು ಒಂದು ತಿಂಗಳ ಚಂದಾ ಮಾತ್ರ.