'ಫರ್ಬ್ರೆಂಟ್': ಅಜ್ಜಿಯ ಬಾಯಿಗೆ ಒಗ್ಗುವ ಕನ್ನಡ ಪದ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ನಾವು ಕೆಲವು ಗೆಳೆಯರು ಸೇರಿ ಗಾಯಕಿ, ನಟಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ಅವರ ಆತ್ಮಕಥೆ 'ಮೈ ನೇಮ್ ಈಸ್ ಬಾರ್ಬ್ರಾ' ಓದುತ್ತಿದ್ದೇವೆ. 2023ರ ನವೆಂಬರ್‌ನಲ್ಲಿ ಬಂದ ಪುಸ್ತಕ. 970 ಪುಟ. ಮಲಗಿಕೊಂಡು ಎದೆ ಮೇಲೆ ಇಟ್ಟುಕೊಂಡು ಓದುವ ಆಸೆ ಇದ್ದರೆ ಬಿಟ್ಟುಬಿಡಿ. ನಮ್ಮಲ್ಲಿ ಕೆಲವರು ಆಡಿಯೊ ಕೇಳುತ್ತಿದ್ದಾರೆ. ಅದನ್ನು ಆಕೆಯೇ ಓದಿದ್ದಾರೆ, ಸುಮಾರು 48 ಗಂಟೆ. ಓದುತ್ತಾ ಓದುತ್ತಾ ಅಚ್ಚಿನಲ್ಲಿ ಇಲ್ಲದ ಮಾತನ್ನೂ ಸೇರಿಸುತ್ತಾರೆ. ಹಾಗಾಗಿ ಪುಟ ತಿರುವಿದವರಿಗೂ ಕಿವಿಯಲ್ಲಿ ಕೇಳಿದವರಿಗೂ 'ಹಾಗೆ ಎಲ್ಲಿದೆ ತೋರಿಸು' ಎಂಬ ಜಗಳ ಇದ್ದದ್ದೇ. ತೋರಿಸೋಣ ಅಂದರೆ ಪುಸ್ತಕದ ಕೊನೆಯಲ್ಲಿ ಪದಸೂಚಿಯೂ ಇಲ್ಲ!

ಓದಿದ ಭಾಗವನ್ನು ಕೂತು ಕನ್ನಡದಲ್ಲಿ ಹೇಳಿಕೊಳ್ಳುವುದು ನಮ್ಮ ಪದ್ಧತಿ. ಇಂಗ್ಲಿಷಿನ ಭಾಗ ಹೇಗೋ ಸಾಗುತ್ತದೆ. ಗಾಡಿ ನಿಲ್ಲುವುದು ಯಿಡ್ಡಿಷ್ ಪದಗಳ ಹತ್ತಿರ. ಅದರಲ್ಲೂ 'ಫರ್ಬ್ರೆಂಟ್' ಎಂಬ ಒಂದು ಪದ ನಮ್ಮನ್ನು ತುಂಬಾ ಸತಾಯಿಸಿದೆ. ಅದಕ್ಕೇ ಈ ಪತ್ರ.

ಯಿಡ್ಡಿಷ್ ಅಂದರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಅದರ ಮೈಕಟ್ಟು ಜರ್ಮನ್‌ನದು. ಧರ್ಮ, ಓದು, ಆಚಾರದ ಪದಗಳು ಹೆಚ್ಚಾಗಿ ಹೀಬ್ರೂನಿಂದ ಬಂದವು. ಪೋಲಿಷ್, ರಷ್ಯನ್ ಕಡೆಯಿಂದಲೂ ಸಾಕಷ್ಟು ಸೇರಿವೆ. ಬರೆಯುವುದು ಹೀಬ್ರೂ ಅಕ್ಷರದಲ್ಲಿ, ಬಲದಿಂದ ಎಡಕ್ಕೆ. ಸ್ಟ್ರೈಸ್ಯಾಂಡ್ 1942ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದಾಗ ಅಲ್ಲಿನ ಯಹೂದಿ ಮನೆಗಳ ಅಜ್ಜ ಅಜ್ಜಿಯರ ಬಾಯಲ್ಲಿ ಇದ್ದದ್ದು ಈ ಮಾತು. ಅಪ್ಪ ಇಮ್ಯಾನ್ಯುಯೆಲ್ ಶಿಕ್ಷಕರು. ಮಗುವಿಗೆ 15 ತಿಂಗಳಿದ್ದಾಗ ತೀರಿಕೊಂಡರು. ಅಮ್ಮ ಡಯಾನಾ ಮಕ್ಕಳನ್ನು ಕರೆದುಕೊಂಡು ತವರು ಸೇರಿದರು. ಆ ಮನೆಯ ಅಜ್ಜಿ ಮೊಮ್ಮಗಳನ್ನು 'ಫರ್ಬ್ರೆಂಟ್' ಅನ್ನುತ್ತಿದ್ದರಂತೆ. ಬೆಂಕಿ ಹತ್ತಿಕೊಂಡವಳು ಅಂತ. ಬೇಡ ಅಂದರೆ ಕೇಳದವಳು, ಹಿಡಿದದ್ದು ಬಿಡದವಳು.

ಪದದ ಹುಟ್ಟು ಸುಲಭ. ಜರ್ಮನ್‌ನ 'ಫೆರ್ಬ್ರಾಂಟ್' ಇದರ ಅಕ್ಕ. 'ಸುಟ್ಟುಹೋದ' ಎಂಬುದು ನೇರ ಅರ್ಥ. ಮುಂದಿರುವ 'ಫರ್' ಕ್ರಿಯೆ ಪೂರ್ತಿ ಆಗಿಹೋಯಿತು ಅನ್ನುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ಹಿಂದೆ ಬರುವ 'ಹೋಗು' ಮಾಡುತ್ತದೆ ಅಲ್ವಾ, ಹಾಗೆ. ಆದರೆ ಯಿಡ್ಡಿಷ್‌ನಲ್ಲಿ ಜೀವಂತ ಮನುಷ್ಯರಿಗೆ ಹೇಳಿದಾಗ ಬೂದಿಯ ನೆನಪು ಬರುವುದಿಲ್ಲ. 'ಫರ್ಬ್ರೆಂಟರ್ ಸಮಾಜವಾದಿ' ಅಂದರೆ ನಾವು 'ಕಟ್ಟಾ ಸಮಾಜವಾದಿ' ಅಂದ ಹಾಗೆ. ಹಾಗಂತ ಆರೇಳು ವರ್ಷದ ಹುಡುಗಿಯನ್ನು ಯಾವ ಅಜ್ಜಿಯೂ 'ಕಟ್ಟಾ' ಅನ್ನುವುದಿಲ್ಲ.

ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು 'ಬೆಂಕಿ ಹುಡುಗಿ ಅಂದ್ರೆ ಮುಗೀತಲ್ಲ' ಅಂದಳು. ಮುಗಿಯಲಿಲ್ಲ. ಈಗಿನವರ ಬಾಯಲ್ಲಿ 'ಬೆಂಕಿ' ಬರೀ ಮೆಚ್ಚುಗೆ. ಹಾಡು ಬೆಂಕಿ, ಬಿರಿಯಾನಿ ಬೆಂಕಿ, ಬೌಲಿಂಗೂ ಬೆಂಕಿ. ಅಜ್ಜಿಯ ಮಾತಿನಲ್ಲಿ ಮೆಚ್ಚುಗೆಯ ಜೊತೆಗೆ 'ಇವಳನ್ನು ಹಿಡಿಯೋದು ಹೇಗಪ್ಪಾ' ಎಂಬ ಸುಸ್ತೂ ಇದೆ. ಅದು ಹೋಗಿಬಿಡುತ್ತದೆ.

'ಉರಿ' ಹಾಕೋಣ ಅಂದರೆ, ಕನ್ನಡದ ಉರಿ ಸೀದಾ ಹೊಟ್ಟೆಗೆ ಇಳಿಯುತ್ತದೆ. ಹೊಟ್ಟೆಉರಿ, ಕಣ್ಣುರಿ, ಮೈಉರಿ, ಒಂದಾದರೂ ಒಳ್ಳೆಯದಿದೆಯಾ? 'ಸುಡು' ಇನ್ನೂ ಕೆಟ್ಟದ್ದು. 'ನಿನ್ನ ಮೋರೆ ಸುಡ' ಬೈಗುಳ, 'ಸುಡುಗಾಡು' ಅಂತೂ ಕೇಳೋದೇ ಬೇಡ. 'ಬೇಯು' ಎತ್ತಿಕೊಂಡರೆ ಸಂಕಟದ ಕಡೆ ತಿರುಗುತ್ತದೆ. 'ಬೆಂದ ಜೀವ' ಅಂದರೆ ಕಷ್ಟ ಉಂಡ ಜೀವ. 'ಬೆಂದರೆ ಬೇಂದ್ರೆ' ಎಂಬ ಮಾತಿನಲ್ಲೂ ಇರುವುದು ನೊಂದು ಮಾಗಿದ್ದೇ. ಈ ಮಗು ಇನ್ನೂ ಬೆಂದಿಲ್ಲ, ಧಗಧಗ ಉರಿಯುತ್ತಿದೆ.

ಒಬ್ಬರು 'ಚುರುಕು' ಅಂದಾಗ ನಾನು ಕಿವಿ ನೆಟ್ಟಗೆ ಮಾಡಿಕೊಂಡೆ. ಈ ಪದದ ಒಳಗೆ ನಿಜವಾಗಿಯೂ ಬಿಸಿ ಇದೆ. ಬಿಸಿಲು ಚುರುಕು, ಕಾಲು ಚುರ್ ಅಂತು, ಸೋಮಾರಿಗೆ ಚುರುಕು ಮುಟ್ಟಿಸಿದರು. ಮಗುವಿಗೂ ಸಲ್ಲುತ್ತದೆ. ಆದರೆ 'ಚುರುಕು ಬುದ್ಧಿಯ ವಿದ್ಯಾರ್ಥಿನಿ' ಅಂತ ಶಾಲೆಯವರು ಬರೆದು ಬರೆದು ಅದರ ಬಿಸಿ ಆರಿಹೋಗಿದೆ. ಈಗ ಅದು ಅಂಕಪಟ್ಟಿಯ ಪದ.

ಧಾರವಾಡ ಕಡೆಯ ಗೆಳತಿ 'ಉಡಾಳ' ಅಂದರು. ಬೈಗುಳ, ಮುದ್ದು ಎರಡೂ ಒಂದರಲ್ಲೇ ಇರುವ ಪದ, ಅಜ್ಜಿಯ ಬಾಯಿಗೂ ಹೊಂದುತ್ತದೆ. ಆದರೆ ಬೆಂಕಿ ಇಲ್ಲ. ಉಡಾಳನಿಗೆ ಗುರಿಯೂ ಇರುವುದಿಲ್ಲ. ಹಳೆ ಮೈಸೂರಿನ 'ತರಲೆ'ಯದೂ ಅದೇ ಕಥೆ. 'ಹಠಮಾರಿ'ಯಲ್ಲಿ ಹಠ ಇದೆ, ಮುದ್ದು ಇಲ್ಲ. 'ಗಂಡುಬೀರಿ', 'ಬಜಾರಿ' ಇವನ್ನು ನಾವು ಬಾಗಿಲಲ್ಲೇ ನಿಲ್ಲಿಸಿದೆವು.

ಕೊನೆಗೆ ಸಿಕ್ಕಿದ ಎರಡು ಮಾತು ಪರವಾಗಿಲ್ಲ ಅನ್ನಿಸಿದವು.

ಒಂದು, 'ಕಾಲು ಸುಟ್ಟ ಬೆಕ್ಕು'. 'ಅಂಡು ಸುಟ್ಟ ಬೆಕ್ಕು' ಅನ್ನುವವರೂ ಇದ್ದಾರೆ, ಅದೇ ಹಳೆಯದು ಇರಬಹುದೇನೋ. ಸುಟ್ಟದ್ದೂ ಬಂತು, ಒಂದು ಕಡೆ ನಿಲ್ಲದ್ದೂ ಬಂತು. ಅಜ್ಜಿಯರು ಬೈಯುತ್ತಲೇ ನಗುವುದೂ ಬಂತು. ಎರಡು, 'ಕಿಚ್ಚು'. 'ಹೊಟ್ಟೆಕಿಚ್ಚು' ಇದರ ಹೆಸರು ಕೆಡಿಸಿದ್ದರೂ 'ಸಾಧಿಸುವ ಕಿಚ್ಚು', 'ಒಳಗಿನ ಕಿಚ್ಚು' ಅಂದಾಗ ಅದಕ್ಕೆ ಮರ್ಯಾದೆ ಇದೆ. 'ಈ ಕೂಸಿನ ಒಳಗೆಲ್ಲಾ ಕಿಚ್ಚು ಕಣಮ್ಮ' ಅಂತ ಒಬ್ಬ ಅಜ್ಜಿ ಹೇಳಬಲ್ಲಳು.

ಯಾವುದು ಹೊಂದುತ್ತದೆ ಎಂದು ನೋಡಲು ಪುಸ್ತಕದ ಬದುಕಿನಿಂದಲೇ ಎರಡು ಸಂಗತಿ ತೆಗೆದುಕೊಂಡೆವು. ಚಿಕ್ಕವಳಿದ್ದಾಗ ಆಕೆ ಓದಿದ್ದು ಯೆಶಿವಾದಲ್ಲಿ, ಅಂದರೆ ಯಹೂದಿ ಧರ್ಮಶಾಲೆಯಲ್ಲಿ. ಗುರುಗಳು ಕೋಣೆಯಿಂದ ಆಚೆ ಹೋದ ಕೂಡಲೇ 'ಕ್ರಿಸ್‌ಮಸ್, ಕ್ರಿಸ್‌ಮಸ್' ಅಂತ ಕೂಗುತ್ತಿದ್ದಳಂತೆ. ಇದಕ್ಕೆ ಬೆಕ್ಕೇ ಸರಿ. ಮುಂದೆ ಹಾಡಲು ಹೊರಟಾಗ ಮೂಗು ಸರಿ ಮಾಡಿಸಿಕೋ, ಹೆಸರು ಬದಲಾಯಿಸು ಎಂದವರು ಹಲವರು. ಮೂಗು ಹಾಗೇ ಉಳಿಯಿತು. 1964ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದ ಮೇಲೆ 'ಫನ್ನಿ ಗರ್ಲ್' ನಾಟಕದಲ್ಲಿ ನಿಂತಾಗ ವಯಸ್ಸು ಇನ್ನೂ 21. ಇಲ್ಲಿ ಬೆಕ್ಕು ಸಾಲದು, ಕಿಚ್ಚೇ ಬೇಕು. ಅಜ್ಜಿಯ ಒಂದೇ ಪದ ಎರಡೂ ಕಡೆ ನಿಲ್ಲುತ್ತದೆ, ನಮಗೆ ಎರಡು ಬೇಕಾಗಿವೆ. ನನ್ನ ವೋಟು ಕಿಚ್ಚಿಗೆ. ಆದರೆ ಕರೆಯುವ ಹೆಸರಾಗಿ ಅದು ನಾಲಿಗೆ ಮೇಲೆ ಕೂರುವುದಿಲ್ಲ. 'ಬಾರೇ ಕಿಚ್ಚು' ಅನ್ನೋಕಾಗುತ್ತಾ?

ಅಮ್ಮನದು ಬೇರೆಯೇ ದಾರಿ. ಮಗಳನ್ನು ಹೊಗಳುತ್ತಲೇ ಇರಲಿಲ್ಲ. ಯಾಕೆ ಎಂದು ಮಗಳು ಕೇಳಿದರೆ, ಹೊಗಳಿದರೆ ತಲೆ ಊದಿಕೊಳ್ಳುತ್ತದೆ ಎಂಬ ಅರ್ಥದ ಉತ್ತರ. ಇಲ್ಲಿ ತಲೆಯನ್ನು ಊದಿಸಬೇಡಿ ದಯವಿಟ್ಟು. ಕನ್ನಡದಲ್ಲಿ ಹೊಗಳಿದರೆ ಬರುವುದು ಕೊಂಬು. ಇನ್ನೊಂದು ಮಾತು ಸುಮ್ನೆ ಸೇರಿಸುತ್ತೇನೆ. ಯಿಡ್ಡಿಷ್ ಅಜ್ಜಿಯರು ಮಗುವನ್ನು ಹೊಗಳಿದ ಮೇಲೆ 'ಕೆಟ್ಟ ಕಣ್ಣು ಬೀಳದಿರಲಿ' ಅಂತ ಹೇಳಿ ಮೂರು ಸಲ 'ತ್ಫು ತ್ಫು ತ್ಫು' ಎಂದು ಉಗಿಯುತ್ತಾರೆ. ನಮ್ಮ ಅಜ್ಜಿಯರ 'ಥೂ ಥೂ, ದೃಷ್ಟಿ ತಾಗೀತು' ಇದಕ್ಕೆ ಸಾಕು, ಅನುವಾದವೇ ಬೇಡ.

ಹೆಸರಿನ ವಿಷಯ. ಹುಟ್ಟಿದಾಗ ಇಟ್ಟದ್ದು ಬಾರ್ಬರಾ. ಆ ಹೆಸರು ಆಕೆಗೆ ಇಷ್ಟವಿರಲಿಲ್ಲ, ಪೂರ್ತಿ ಬದಲಾಯಿಸಲೂ ಮನಸ್ಸಿಲ್ಲ. ನಡುವಿನ ಒಂದು 'ಎ' ಕಿತ್ತು ಬಾರ್ಬ್ರಾ ಆದರು. ನಮ್ಮ ಪತ್ರಿಕೆಗಳಲ್ಲಿ 'ಬಾರ್ಬರಾ' ಅಂತ ಬರುವುದುಂಟು. ಹಾಗೆ ಬರೆದರೆ ಆಕೆ ಕಿತ್ತ ಅಕ್ಷರವನ್ನು ನಾವು ಮತ್ತೆ ಅಂಟಿಸಿದಂತೆ. ಒತ್ತಕ್ಷರ ನಮಗೇನು ಕಷ್ಟವಾ? ಇನ್ನು ಮನೆತನದ ಹೆಸರು. ಐಫೋನಿನಲ್ಲಿ ಮಾತಾಡುವ ಸಹಾಯಕಿ 'ಸಿರಿ' ಅದನ್ನು 'ಝ' ಹಾಕಿ ಉಚ್ಚರಿಸುತ್ತದೆ ಅಂತ 2016ರಲ್ಲಿ ಆಕೆ ಆ್ಯಪಲ್‌ನ ಮುಖ್ಯಸ್ಥ ಟಿಮ್ ಕುಕ್ ಅವರಿಗೇ ಫೋನ್ ಮಾಡಿ ಸರಿಪಡಿಸಲು ಹೇಳಿದ್ದರು. ಸಮುದ್ರದ ದಡದ ಮರಳಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಹಾಗೆ, ಮೆತ್ತಗಿನ 'ಸ'. ಆದ್ದರಿಂದ ಸ್ಟ್ರೈಸ್ಯಾಂಡ್. ಈ ವಿಷಯದಲ್ಲಿ ಚರ್ಚೆ ಬೇಡ ಅನ್ನಿಸುತ್ತದೆ. ಹೆಸರು ಅವರದು.

ಆದರೆ 'ಶಿವಾ' ಬಗ್ಗೆ ಚರ್ಚೆ ಬೇಕೇ ಬೇಕು. ಯಹೂದಿ ಮನೆಯ ಯಾವ ಕಥೆ ಓದಿದರೂ ಸಾವು ಬಂದಾಗ ಈ ಪದ ಬರುತ್ತದೆ. ಹೀಬ್ರೂನಲ್ಲಿ 'ಶಿವಾ' ಅಂದರೆ ಏಳು. ಮಣ್ಣು ಮಾಡಿದ ಮೇಲೆ ಹತ್ತಿರದವರು ಏಳು ದಿನ ಮನೆಯಲ್ಲಿ ತಗ್ಗಿನ ಪೀಠದ ಮೇಲೆ ಕೂರುತ್ತಾರೆ. ಕನ್ನಡಿಗಳಿಗೆ ಬಟ್ಟೆ ಮುಚ್ಚುತ್ತಾರೆ. ನೆಂಟರು, ನೆರೆಯವರು ಊಟ ತರುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು 'ಶಿವಾ ಕೂರುವುದು' ಎಂದೇ ಹೇಳುತ್ತಾರೆ. ಇದನ್ನು ಕನ್ನಡದಲ್ಲಿ ಹಾಗೇ ಬರೆದು ನೋಡಿ. ನಮ್ಮಲ್ಲಿ ಸತ್ತವರು ಶಿವನ ಪಾದ ಸೇರುತ್ತಾರೆ, ಸೋತವರು 'ಶಿವಾ' ಅಂತ ಕೂರುತ್ತಾರೆ. ಓದುವವರು ಬ್ರೂಕ್ಲಿನ್‌ನಲ್ಲಿ ಗುಡಿ ಹುಡುಕಬೇಕಾದೀತು. ಯಿಡ್ಡಿಷ್ ಉಚ್ಚಾರದಂತೆ 'ಶಿವೆ' ಬರೆಯೋಣ ಅಂದರೆ ಪಾರ್ವತಿ ಬರುತ್ತಾಳೆ!

'ಸೂತಕ' ಹಾಕಬಹುದು ಎಂದು ಇಬ್ಬರು ಹೇಳಿದರು. ನನಗೆ ಒಪ್ಪಿಗೆ ಇಲ್ಲ. ಸೂತಕದ ಒಳಗೆ ಮೈಲಿಗೆ ಇದೆ. ಮಗು ಹುಟ್ಟಿದರೂ ಸೂತಕ ಅನ್ನುವವರಿದ್ದಾರೆ. ಶಿವಾದಲ್ಲಿ ಇರುವುದು ದುಃಖಪಡುವವರ ಜೊತೆ ಬಂದು ಕೂರುವುದು. ಸೂತಕದ ಮನೆಯಿಂದ ಜನ ದೂರ ಇರುತ್ತಾರೆ, ಶಿವಾ ಮನೆಗೆ ಜನ ಬರಬೇಕು. ಸದ್ಯಕ್ಕೆ 'ಸಾವಿನ ಮನೆಯ ಏಳು ದಿನ' ಎಂದು ಬಿಡಿಸಿ ಹೇಳುತ್ತಿದ್ದೇವೆ. ಉದ್ದವಾಯಿತು, ನಿಜ. ಚಿಕ್ಕದೊಂದು ಇದ್ದರೆ ತಿಳಿಸಿ.

ಉಳಿದ ಧಾರ್ಮಿಕ ಪದಗಳಿಗೆ ಕನ್ನಡ ಬೈಬಲ್ ನೆರವಿಗೆ ಬರುತ್ತದೆ. ಯಹೂದಿಗಳು ಪ್ರಾರ್ಥನೆಗೆ ಸೇರುವ ಸಿನಗಾಗ್‌ಗೆ ಅಲ್ಲಿ 'ಸಭಾಮಂದಿರ' ಇದೆ, ಪಾಸೋವರ್ ಹಬ್ಬಕ್ಕೆ 'ಪಸ್ಕ', ವಾರದ ವಿರಾಮದ ದಿನಕ್ಕೆ 'ಸಬ್ಬತ್'. ಎಷ್ಟೋ ಕಾಲದಿಂದ ಬಳಕೆಯಲ್ಲಿರುವ ಪದಗಳಿರುವಾಗ ಹೊಸದು ಯಾಕೆ ಕಟ್ಟಬೇಕು?

'ಹುಟ್ಸ್ಪಾ' ನಿಮಗೆಲ್ಲ ಗೊತ್ತಿರುತ್ತದೆ. ಅಪ್ಪ ಅಮ್ಮನನ್ನು ಕೊಂದವನು ಕೋರ್ಟಿನಲ್ಲಿ ನಿಂತು 'ನಾನು ತಬ್ಬಲಿ, ದಯೆ ತೋರಿಸಿ' ಅಂದನಂತೆ. ಅದು ಹುಟ್ಸ್ಪಾ. ಇದಕ್ಕೆ 'ಭಂಡತನ' ಸರಿಯಾಗಿ ಕೂರುತ್ತದೆ. ಆದರೆ ಅಮೆರಿಕದ ಇಂಗ್ಲಿಷಿಗೆ ಹೋದ ಮೇಲೆ ಈ ಪದಕ್ಕೆ ಹೊಗಳಿಕೆಯ ಬಣ್ಣವೂ ಬಂದಿದೆ, ಆಗ 'ಎದೆಗಾರಿಕೆ' ಬೇಕಾಗುತ್ತದೆ. 'ಭಂಡ ಧೈರ್ಯ' ಎರಡರ ನಡುವೆ ನಿಲ್ಲುತ್ತದೆ, ನನಗೆ ಅದು ಸಾಕು. ತೊಂದರೆ ಇರುವುದು ಮೊದಲ ಅಕ್ಷರದಲ್ಲಿ. ಗಂಟಲಿನ ಆಳದಿಂದ ಬರುವ ಸದ್ದು ಅದು. 'ಹ' ತೆಳುವಾಯಿತು, ನಮ್ಮ 'ಖ' ಬೇರೆಯೇ. ಕಲಬುರಗಿ, ಬೀದರ್ ಕಡೆ ದಖನಿ ಉರ್ದು ಆಡುವವರು 'ಖಬರ್', 'ಖಾಲಾ' ಅನ್ನುವಾಗ ಕೇಳಿ, ಹೆಚ್ಚುಕಡಿಮೆ ಅದೇ ಸದ್ದು. ಅಡಿಯಲ್ಲಿ ಚುಕ್ಕೆ ಇಟ್ಟು 'ಖ಼' ಬರೆಯಬಹುದೇ? 'ಜ಼', 'ಫ಼' ಬರೆಯುವವರು ಇದನ್ನೂ ಒಪ್ಪುತ್ತಾರಾ?

ಕೊನೆಯ ಪ್ರಶ್ನೆ ನಮ್ಮ ಬಗ್ಗೆಯೇ. ಮುಂದೆ ನಾವು 'ಯೆಂಟಲ್' ಸಿನಿಮಾದ ಭಾಗಕ್ಕೆ ಬರುತ್ತೇವೆ. 1983ರ ಚಿತ್ರ. ಸ್ಟ್ರೈಸ್ಯಾಂಡ್ ನಿರ್ದೇಶಿಸಿ, ನಿರ್ಮಿಸಿ, ನಟಿಸಿ, ಹಾಡಿದರು. ಚಿತ್ರಕಥೆಯಲ್ಲೂ ಪಾಲಿತ್ತು. ಮೂಲ ಐಸಾಕ್ ಬಾಶೆವಿಸ್ ಸಿಂಗರ್ ಅವರ ಯಿಡ್ಡಿಷ್ ಕಥೆ. ಹೆಣ್ಣುಮಕ್ಕಳಿಗೆ ಧರ್ಮಗ್ರಂಥದ ಓದು ಇಲ್ಲದ ಕಾಲದಲ್ಲಿ ಒಬ್ಬ ಹುಡುಗಿ ಅಪ್ಪ ಸತ್ತ ಮೇಲೆ ಗಂಡುವೇಷ ಹಾಕಿ ಯೆಶಿವಾ ಸೇರುತ್ತಾಳೆ. ಅಲ್ಲಿ ಓದುವುದು ಜೋಡಿಯಲ್ಲಿ. ಇಬ್ಬರು ಎದುರುಬದುರು ಕೂತು ಒಂದೇ ಪುಟವನ್ನು ಗಟ್ಟಿಯಾಗಿ ಓದಿ ವಾದ ಮಾಡುತ್ತಾರೆ. ಈ ಪದ್ಧತಿಗೂ ಆ ಜೊತೆಗಾರನಿಗೂ 'ಹವ್ರುಟಾ' ಎಂದೇ ಹೆಸರು. ಗೆಳೆತನ ಎಂಬುದು ಅದರ ಬೇರು. ಕೂತು ಓದಿ ಜಗಳವಾಡುವ ನಮಗೂ ಸಲ್ಲುವ ಹೆಸರು, ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ನಮ್ಮಲ್ಲಿ ಗಮಕ ಇದೆ, ಒಬ್ಬರು ಹಾಡುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ. ಅಲ್ಲಿ ಗಮಕಿಯನ್ನು ವ್ಯಾಖ್ಯಾನಕಾರರು ತಡೆದು 'ಇದು ಹಾಗಲ್ಲ' ಅನ್ನುವುದಿಲ್ಲ. 'ಸಹಪಾಠಿ' ಒಂದೇ ತರಗತಿಯವರಾದರು. 'ಓದಿನ ಸಂಗಾತಿ' ಚೆನ್ನಾಗಿದೆ, ಆದರೆ ಜಗಳ ಇಲ್ಲ. 'ಸಹಓದುಗ' ಅಂತ ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು 'ಅರಿಸಮಾಸ' ಅಂತ ಮುಖ ಸಿಂಡರಿಸಿದರು.

ನಿಮ್ಮ ಕಡೆಯ ಅಜ್ಜಿಯರು ಇಂಥ ಹುಡುಗಿಯನ್ನು ಏನಂತ ಕರೆಯುತ್ತಾರೆ, ಊರು ಸೇರಿಸಿ ಬರೆಯಿರಿ. ಹವ್ರುಟಾಕ್ಕೂ ಒಂದು ಪದ ಕೊಡಿ. ಅರಿಸಮಾಸ ಆದರೂ ನನ್ನದೇನೂ ತಕರಾರಿಲ್ಲ, ಮುಖ ಸಿಂಡರಿಸುವವರನ್ನು ನಾನು ನೋಡಿಕೊಳ್ಳುತ್ತೇನೆ.