ಕಿಂಡರ್‌ಗಾರ್ಟನ್ ಕ್ಲಾಸಿಗೆ ಹ್ಯಾಲೋವೀನ್ ಪಾರ್ಟಿ: ಸ್ವಲ್ಪ ಗುಮ್ಮನ ಮಜಾ ಇರ್ಬೇಕು, ಆದ್ರೆ ಯಾವ ಮಗೂನೂ ಅಳ್ಬಾರ್ದು. ಹೇಗ್ ಮಾಡೋದು?

ಪುಟ್ಟಿ_ಅಮ್ಮ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಾವಿರೋದು ಅಮೆರಿಕದಲ್ಲಿ, ಮಗಳು ಈ ವರ್ಷ ಕಿಂಡರ್‌ಗಾರ್ಟನ್. ಸ್ಕೂಲ್ ಶುರುವಾದಾಗ ರೂಮ್ ಪೇರೆಂಟ್ (ಕ್ಲಾಸ್ ಕೆಲಸಕ್ಕೆ ಸಹಾಯ ಮಾಡೋ ಪೋಷಕರು) ಆಗ್ತೀನಿ ಅಂತ ಹೆಸರು ಕೊಟ್ಟಿದ್ದೆ, ಈಗ ಅಕ್ಟೋಬರ್ 31ರ ಹ್ಯಾಲೋವೀನ್ (ಮಕ್ಕಳು ವೇಷ ಹಾಕಿ ಮನೆ ಮನೆಗೆ ಚಾಕ್ಲೇಟ್ ಕೇಳೋಕೆ ಹೋಗೋ, ಕುಂಬಳಕಾಯಿಗೆ ಮುಖ ಕೆತ್ತಿ ದೀಪ ಇಡೋ ಹಬ್ಬ) ಕ್ಲಾಸ್ ಪಾರ್ಟಿ ಪೂರ್ತಿ ನಮ್ಮಿಬ್ರು ಅಮ್ಮಂದಿರ ಮೇಲೆ ಬಂದಿದೆ. 22 ಮಕ್ಕಳು, ಎಲ್ಲಾ 5-6 ವರ್ಷದವ್ರು, ಊಟ ಆದ್ಮೇಲೆ ಸರಿಯಾಗಿ ಒಂದು ಗಂಟೆ ಟೈಮು.

ರೂಲ್ಸು ಹೀಗಿವೆ. ಮುಖವಾಡ ಬೇಡ, ಆಟಿಕೆ ಕತ್ತಿ ಗನ್ ಬೇಡ, ರಕ್ತದ ಬಣ್ಣ ಬೇಡ. ತಿಂಡಿ ಮನೇಲಿ ಮಾಡಿ ತರೋ ಹಾಗಿಲ್ಲ, ಅಂಗಡಿ ಪ್ಯಾಕೆಟ್ಟೇ ಆಗ್ಬೇಕು, ಲೇಬಲ್ ಇರ್ಬೇಕು. ಒಬ್ಬನಿಗೆ ಕಡಲೆಕಾಯಿ ಅಲರ್ಜಿ, ಇನ್ನೊಬ್ಬಳಿಗೆ ಮೊಟ್ಟೆ. ಎರಡು ಮನೆಯವ್ರು ಹ್ಯಾಲೋವೀನ್ ಆಚರಿಸೋದೇ ಇಲ್ಲ.

ನನ್ನ ನಿಜವಾದ ಚಿಂತೆ ಬೇರೆ. ಹೋದ ವರ್ಷ ಅವಳು ಹೋಗ್ತಿದ್ದ ಪ್ರೀಸ್ಕೂಲಲ್ಲಿ ದೊಡ್ಡವ್ರು ಒಬ್ರು ಮಾಟಗಾತಿ ವೇಷ ಹಾಕ್ಕೊಂಡು, ಲೈಟ್ ಆರಿಸಿ, ಬಾಗಿಲ ಹಿಂದಿಂದ ಕಿರುಚ್ಕೊಂಡು ಬಂದ್ರಂತೆ. ಬೇರೆ ಮಕ್ಕಳು ನಕ್ರು, ಇವಳು ಹೆದರಿ ನಡುಗ್ಬಿಟ್ಟಿದಾಳೆ, ಆಮೇಲೆ ಮೂರು ವಾರ ರಾತ್ರಿ ಬಾತ್‌ರೂಮಿಗೆ ಒಬ್ಳೇ ಹೋಗ್ಲಿಲ್ಲ, ನಾನು ಬಾಗಿಲಲ್ಲಿ ನಿಂತು ಮಾತಾಡ್ತಾನೇ ಇರ್ಬೇಕಿತ್ತು. ಹಾಗಂತ ಬರೀ ಹೂವು ಚಿಟ್ಟೆ ಇಟ್ಟು ಪಾರ್ಟಿ ಮಾಡಿದ್ರೆ ಮಕ್ಕಳಿಗೆ ಬೇಜಾರು, ಅವ್ರಿಗೆ ದೆವ್ವ ಬೇಕು, ಜೇಡ ಬೇಕು, ಕತ್ತಲೆ ಬೇಕು.

ಸದ್ಯಕ್ಕೆ ನಾನು ಅಂದ್ಕೊಂಡಿರೋದು: ಒಳಗೇನಿದೆ ಅಂತ ನೋಡದೇ ಕೈ ಹಾಕಿ ಮುಟ್ಟೋ ಡಬ್ಬ, ಟಾಯ್ಲೆಟ್ ಪೇಪರ್ ಸುತ್ತಿ ಮಮ್ಮಿ (ಈಜಿಪ್ಟಿನ ಬಟ್ಟೆ ಸುತ್ತಿದ ಹೆಣ) ಮಾಡೋ ಆಟ, ಬಿಳಿ ಬಲೂನ್ ದೆವ್ವ, ಡ್ರೈ ಐಸ್ ಹಾಕಿ ಹೊಗೆ ಬರೋ ಮಾಟಗಾತಿ ಕಡಾಯಿ, ಪುಟ್ಟ ಕುಂಬಳಕಾಯಿ ಒಳಗೆ ಎಲ್‌ಇಡಿ ಕ್ಯಾಂಡಲ್. ಮಾಡಿ ಅನುಭವ ಇರೋರು ಯಾವ್ದು ಇಟ್ಕೋಬೇಕು ಯಾವ್ದು ಬಿಡ್ಬೇಕು ಹೇಳಿ ಪ್ಲೀಸ್.

ಚಾಕ್‌ಪೀಸ್ ಬರೆದದ್ದು:

ಪುಟ್ಟಿ ಅಮ್ಮ, ನಾನು ಹನ್ನೊಂದು ವರ್ಷದಿಂದ ಚಿಕ್ಕ ಮಕ್ಕಳಿಗೇ ಟೀಚರ್, ಇಲ್ಲೇ ಅಮೆರಿಕದಲ್ಲಿ. ಹೋದ ವರ್ಷ ಆಗಿದ್ದು ಕೇಳಿ ನಂಗೆ ಸಂಕಟ ಆಯ್ತು. ಈ ವಯಸ್ಸಲ್ಲಿ ವೇಷ ಅಂತ ಗೊತ್ತಿದ್ರೂ ಆ ಕ್ಷಣಕ್ಕೆ ಅದು ನಿಜಾನೇ, ನಮ್ ಟೀಚರೇ ಅಂತ ಆಮೇಲೆ ಹೇಳಿದ್ರೆ ಪ್ರಯೋಜನ ಇಲ್ಲ.

ನಾನು ಕಲ್ತಿರೋದು ಒಂದೇ, ಹೆದರಿಸೋ ವಸ್ತು ಮಗುವಿನ ಕೈಯಲ್ಲೇ ಇರ್ಬೇಕು. ಅವ್ರೇ ಮಾಡಿದ ದೆವ್ವ, ಅವ್ರೇ ಒತ್ತೋ ಸ್ವಿಚ್ಚು, ಅವ್ರೇ ತೆಗೆಯೋ ಮುಚ್ಚಳ. ಹಠಾತ್ತಾಗಿ ಏನೂ ಬರ್ಬಾರ್ದು. ಇಷ್ಟು ಇಟ್ಕೊಂಡ್ರೆ ಕತ್ತಲೆನೂ ಇಡ್ಬೋದು, ಹೇಗೆ ಅಂತ ಹೇಳ್ತೀನಿ. ಲೈಟು ಪೂರ್ತಿ ಆರಿಸ್ಬೇಡಿ, ಒಂದು ಸಾಲು ಉರೀತಿರ್ಲಿ, ಕಿಟಕಿ ಪರದೆ ಎಳೀರಿ. ಮಕ್ಕಳು ಮೊದ್ಲೇ ಕಪ್ಪು ರಟ್ಟಲ್ಲಿ ಬಾವಲಿ, ಗೂಬೆ ಕತ್ತರಿಸಿ ಐಸ್‌ಕ್ರೀಮ್ ಕಡ್ಡಿಗೆ ಅಂಟಿಸ್ಕೊಂಡಿರ್ಲಿ. ಈಗ ಇಬ್ಬಿಬ್ರಿಗೆ ಒಂದೊಂದು ಟಾರ್ಚ್ ಕೊಡಿ. ಗೊಂಬೆ ಟಾರ್ಚ್ ಹತ್ರ ಬಂದ್ರೆ ಗೋಡೆ ಮೇಲೆ ನೆರಳು ದೊಡ್ಡ ರಾಕ್ಷಸ ಆಗತ್ತೆ, ದೂರ ಒಯ್ದ್ರೆ ಮರಿ ಆಗತ್ತೆ. ಇದನ್ನ ಯಾರೂ ಹೇಳಿಕೊಡ್ಬೇಡಿ, ಒಂದು ಮಗು ತಾನಾಗೇ ಕಂಡುಹಿಡಿಯತ್ತೆ, ಎರಡೇ ನಿಮಿಷದಲ್ಲಿ ಇಡೀ ಕ್ಲಾಸಿಗೆ ಹರಡತ್ತೆ. ದೊಡ್ಡದಾಗಿ ಕಾಣೋ ಬಾವಲಿಯನ್ನ ಚಿಕ್ಕದು ಮಾಡೋ ಶಕ್ತಿ ತನ್ನ ಕೈಲಿದೆ ಅಂತ ಗೊತ್ತಾದ ಮಗುವಿನ ಮುಖ ನೀವು ನೋಡ್ಬೇಕು.

ಮುಟ್ಟೋ ಡಬ್ಬಕ್ಕೆ ಬದ್ಲು ನಾನು ನಿಜವಾದ ಕುಂಬಳಕಾಯಿನೇ ಇಡ್ತೀನಿ. ಮನೇಲೇ ತೊಟ್ಟಿನ ಭಾಗ ಕತ್ತರಿಸಿ ಮುಚ್ಚಳದ ಹಾಗೆ ವಾಪಸ್ ಇಟ್ಕೊಂಡು ಹೋಗಿ, ಕ್ಲಾಸಲ್ಲಿ ಚಾಕು ಬೇಡ. ಮೊದ್ಲು ನೀರಿನ ಟಬ್ಬಲ್ಲಿ ಕತ್ತರಿಸದೇ ಇರೋ ಇನ್ನೊಂದನ್ನ ಬಿಡಿ, ಮುಳುಗತ್ತೋ ತೇಲತ್ತೋ ಅಂತ ಕೈ ಎತ್ತಿಸಿ. ಅಷ್ಟು ಭಾರ ಇದೆಯಲ್ಲ, ಮುಳುಗತ್ತೆ ಅಂತಲೇ ಸುಮಾರು ಮಕ್ಕಳು ಹೇಳೋದು, ಆದ್ರೆ ಒಳಗೆ ಟೊಳ್ಳು, ಗಾಳಿ ಇದೆ, ತೇಲತ್ತೆ. ಆಮೇಲೆ ಮುಚ್ಚಳ ತೆಗೀರಿ. ಆ ಹಸಿ ವಾಸನೆ, ಕೈಗೆ ಸುತ್ಕೊಳೋ ತಣ್ಣನೆ ಕಿತ್ತಳೆ ನಾರು, ಬೆರಳಿಂದ ಜಾರಿ ಹೋಗೋ ಬೀಜ, ಇದಕ್ಕಿಂತ ಭಯಂಕರ ಇನ್ನೇನು ಬೇಕು ಐದು ವರ್ಷದ ಮಗೂಗೆ! ಮುಟ್ಟಲ್ಲ ಅನ್ನೋ ಮಗೂಗೆ ಚಮಚ ಕೊಡಿ, ಒತ್ತಾಯ ಬೇಡ. ಬೀಜಗಳನ್ನ ಹತ್ತು ಹತ್ತು ಗುಡ್ಡೆ ಮಾಡಿ ಎಣಿಸಿದ್ರೆ ಟೀಚರ್‌ಗೂ ಖುಷಿ.

ಮಮ್ಮಿ ಆಟ ಇಟ್ಕೊಳಿ, ಆದ್ರೆ ಭುಜದಿಂದ ಕೆಳಗೆ ಮಾತ್ರ ಸುತ್ಬೇಕು, ಕತ್ತು ಮುಖ ಬೇಡ. ಕೈಯನ್ನ ಬಿಗಿಯಾಗಿ ಸುತ್ತಿದ್ರೆ ಕೆಲವು ಮಕ್ಕಳಿಗೆ ಗಾಬರಿ ಆಗತ್ತೆ, ಎಡವಿದ್ರೆ ಊರೋಕೂ ಆಗಲ್ಲ, ಕೈ ಹೊರಗೇ ಇರ್ಲಿ. ಇನ್ನು ಇಯರ್‌ಬಡ್ ಕಡ್ಡಿಗಳನ್ನ ಕಪ್ಪು ಪೇಪರ್ ಮೇಲೆ ಅಂಟಿಸಿ ಅಸ್ಥಿಪಂಜರ ಮಾಡ್ಸಿ, ಪಕ್ಕೆಲುಬಿಗೆ ಅರ್ಧ ಅರ್ಧ ಕತ್ತರಿಸಿ ಇಟ್ಕೊಂಡಿರಿ. ತುಂಬಾ ಚೆನ್ನಾಗಿ ಬರತ್ತೆ.

ಒಟ್ಟು ನಾಲ್ಕು ಟೇಬಲ್, ಒಂದೊಂದು ಟೇಬಲಿಗೆ 5-6 ಮಕ್ಕಳು, ಒಬ್ರು ದೊಡ್ಡವ್ರು, 10 ನಿಮಿಷಕ್ಕೊಮ್ಮೆ ಬದಲಾವಣೆ. ಮೂಲೇಲಿ ಪುಸ್ತಕ, ದಿಂಬು ಇಟ್ಟು ಒಂದು ಶಾಂತ ಜಾಗ ಬಿಡಿ, ಸಾಕಾದವ್ರು ಹೋಗಿ ಕೂರ್ಲಿ.

ಲೇಬಲ್_ಓದೋ_ಅಮ್ಮ ಬರೆದದ್ದು:

ತಿಂಡಿ ವಿಷಯ ನಾನು ಹೇಳ್ತೀನಿ, ನನ್ನ ಮಗನಿಗೂ ಕಡಲೆಕಾಯಿ ಅಲರ್ಜಿ. ಆ ಎರಡು ಮಕ್ಕಳ ಅಮ್ಮಂದಿರಿಗೆ ಮೊದ್ಲೇ ಒಂದು ಮೆಸೇಜ್ ಹಾಕಿ, ಪ್ಯಾಕೆಟ್ ಲೇಬಲ್ ಫೋಟೋ ತೆಗೆದು ಕಳ್ಸಿ. ಅಷ್ಟು ಮಾಡಿದ್ರೆ ಅವ್ರು ನಿಮ್ಮನ್ನ ಜನ್ಮದಲ್ಲಿ ಮರೆಯಲ್ಲ, ನಂಗೆ ಅದು ಗೊತ್ತು.

ಇಲ್ಲಿನ ಕಾನೂನಲ್ಲಿ ಲೇಬಲ್ ಮೇಲೆ ಹೇಳಲೇಬೇಕಾದ ಅಲರ್ಜಿ ಪದಾರ್ಥ ಒಂಬತ್ತು: ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿ ಜಾತಿಯವು, ಬಾದಾಮಿ ಗೋಡಂಬಿ ಥರದ ನಟ್ಸು, ಕಡಲೆಕಾಯಿ, ಗೋಧಿ, ಸೋಯಾ, ಮತ್ತೆ 2023ರಿಂದ ಎಳ್ಳು. ಒಂದು ಮೋಸ ಏನಂದ್ರೆ ದೊಡ್ಡ ಚಾಕ್ಲೇಟ್ ಸೇಫ್ ಇದೆ ಅಂತ ಹ್ಯಾಲೋವೀನ್‌ಗೆ ಬರೋ ಪುಟಾಣಿ ಸೈಜಿಂದು ಸೇಫ್ ಅಂತ ಅಲ್ಲ, ಅದರ ಪದಾರ್ಥ, ಅದು ತಯಾರಾಗೋ ಜಾಗ ಬೇರೆ ಇರ್ಬೋದು, ಹಾಗಾಗಿ ಪುಟಾಣಿ ಪ್ಯಾಕೆಟ್ಟಿನ ಚೀಲಾನೇ ಓದ್ಬೇಕು.

ನಿಮ್ಮ ರೂಲಿಗೆ ಸರಿಹೋಗೋದು ಒಂದಿದೆ. ಕಿತ್ತಳೆ ತೊಳೆಗಳು ತುಂಬಿರೋ ಸೀಲ್ಡ್ ಹಣ್ಣಿನ ಕಪ್ ಸಿಗತ್ತಲ್ಲ, ಅದರ ಹೊರಗೆ ಕಪ್ಪು ಮಾರ್ಕರಲ್ಲಿ ಮೂರು ಕೋನದ ಕಣ್ಣು, ಹಲ್ಲು ಕಿರಿದ ಬಾಯಿ ಬರೀರಿ, ಸೀಲ್ ಒಡೆಯದೇ ಕುಂಬಳಕಾಯಿ ರೆಡಿ. ದ್ರಾಕ್ಷಿ ಇಡೋದಾದ್ರೆ ಇಡೀದು ಬೇಡ, ಉದ್ದಕ್ಕೆ ನಾಲ್ಕು ಹೋಳು ಮಾಡ್ಬೇಕು, ಇಡೀದಾದ್ರೆ ಗಂಟಲಲ್ಲಿ ಸಿಕ್ಕೊಳತ್ತೆ. ನಿಮ್ಮ ಸ್ಕೂಲಲ್ಲಿ ಕತ್ತರಿಸಿದ್ದು ತರೋ ಹಾಗಿಲ್ಲ ಅಂದ್ರೆ ದ್ರಾಕ್ಷಿನೇ ಬಿಟ್ಬಿಡಿ. ಗಟ್ಟಿ ಕ್ಯಾಂಡಿನೂ ಬೇಡ.

ಮನೆಗೆ ಕೊಟ್ಟು ಕಳ್ಸೋ ಚೀಲದಲ್ಲಿ ತಿನ್ನೋದೇ ಹಾಕ್ಬೇಡಿ, ಪೆನ್ಸಿಲ್ಲು, ಸ್ಟಿಕರ್ರು, ಬಬಲ್ಸ್ ಸಾಕು. ಹಸಿರು-ನೀಲಿ ಬಣ್ಣದ ಕುಂಬಳಕಾಯಿ ಬಾಗಿಲಲ್ಲಿ ಇಟ್ಟಿರೋ ಮನೆ ನೋಡಿರ್ಬೋದು ನೀವು. ತಿನ್ನೋದಲ್ಲದ ಉಡುಗೊರೆನೂ ಇಲ್ಲಿ ಸಿಗತ್ತೆ ಅಂತ ಅರ್ಥ ಅದು, 2014ರಿಂದ ದೇಶದ ತುಂಬಾ ಹಬ್ಬಿದೆ. ಅಂಥ ಮನೆ ಕಂಡ್ರೆ ನನ್ನ ಮಗ ಓಡೋ ಓಟಾನೇ ಬೇರೆ. ಕ್ಲಾಸ್ ಬಾಗಿಲಿಗೂ ಒಂದು ಆ ಬಣ್ಣದ ಪೇಪರ್ ಕುಂಬಳಕಾಯಿ ಅಂಟಿಸಿ.

ನೈಟ್‌ಶಿಫ್ಟ್_ಅಣ್ಣ ಬರೆದದ್ದು:

ನಾನು ಆಸ್ಪತ್ರೆ ಎಮರ್ಜೆನ್ಸಿಲಿ ನರ್ಸು. ಪುಟ್ಟಿ ಅಮ್ಮ, ನಿಮ್ಮ ಲಿಸ್ಟಲ್ಲಿ ಮೂರು ವಸ್ತು ದಯವಿಟ್ಟು ಬಿಟ್ಬಿಡಿ.

ಮೊದಲನೇದು ಎಲ್‌ಇಡಿ ಕ್ಯಾಂಡಲ್. ಬೆಂಕಿ ಇಲ್ಲ ಅಂತ ಎಲ್ರೂ ಸೇಫ್ ಅಂದ್ಕೋತಾರೆ, ಆದ್ರೆ ಆ ಪುಟ್ಟ ಕ್ಯಾಂಡಲ್ ಸುಮಾರಿನದ್ರಲ್ಲಿ ಇರೋದು ನಾಣ್ಯದ ಥರದ ಬಟನ್ ಬ್ಯಾಟರಿ. ಮಗು ಅದನ್ನ ನುಂಗಿ ಅನ್ನನಾಳದಲ್ಲಿ ಸಿಕ್ಕೊಂಡ್ರೆ ಎರಡು ಗಂಟೆ ಒಳಗೇ ಒಳಗಿನ ಮಾಂಸ ಸುಟ್ಟು ಹೋಗತ್ತೆ, ಹೊರಗಿಂದ ಏನೂ ಗೊತ್ತಾಗಲ್ಲ. ಇಡಲೇಬೇಕು ಅಂದ್ರೆ ದೊಡ್ಡ ಡಬಲ್ ಎ ಸೆಲ್ ಹಾಕೋ ಲೈಟು, ಸ್ಕ್ರೂ ಇರೋ ಮುಚ್ಚಳದ್ದು, ಅದೂ ಮಕ್ಕಳಿಗೆ ಎಟುಕದ ಎತ್ತರದಲ್ಲಿ ಇಡಿ. ಬ್ಯಾಟರಿ ನುಂಗಿರ್ಬೋದು ಅನ್ನೋ ಅನುಮಾನ ಬಂದ್ರೂ ಸಾಕು, ವಾಂತಿ ಮಾಡ್ಸೋಕೆ ಹೋಗ್ದೇ ಸೀದಾ ಎಮರ್ಜೆನ್ಸಿಗೆ ಕರ್ಕೊಂಡು ಬನ್ನಿ.

ಡ್ರೈ ಐಸ್ ಅಂದ್ರೆ ಗಟ್ಟಿ ಮಾಡಿರೋ ಕಾರ್ಬನ್ ಡೈ ಆಕ್ಸೈಡು, ಮೈನಸ್ 78 ಡಿಗ್ರಿ ಸೆಲ್ಸಿಯಸ್. ಮುಟ್ಟಿದ್ರೆ ಬೆಂಕಿ ತಗುಲಿದ ಹಾಗೆ ಚರ್ಮ ಸುಡತ್ತೆ, ಮುಚ್ಚಿದ ರೂಮಲ್ಲಿ ಆ ಗಾಳಿ ಕೆಳಗೇ ಕೂರತ್ತೆ, ಮಕ್ಕಳು ಇರೋದೂ ಕೆಳಗೇ. ಬದ್ಲಿಗೆ ಕಡಾಯೀಲಿ ಅಡುಗೆ ಸೋಡಾ, ಹಸಿರು ಬಣ್ಣ, ಒಂದು ಹನಿ ಪಾತ್ರೆ ತೊಳೆಯೋ ಸೋಪು ಹಾಕಿ, ಒಂದೊಂದು ಮಗೂ ಒಂದೊಂದು ಚಮಚ ವಿನೆಗರ್ ಹಾಕ್ಲಿ, ನೊರೆ ಉಕ್ಕಿ ಬರತ್ತೆ. ಟೀಚರ್ ಅಕ್ಕ ಹೇಳಿದ್ರಲ್ಲ, ಮಗುವಿನ ಕೈಲಿರ್ಬೇಕು ಅಂತ, ಇದೂ ಹಾಗೇ ಆಗತ್ತೆ. ಕಣ್ಣಿಗೆ ಸಿಡಿಯದ ಹಾಗೆ ಒಂದು ಹೆಜ್ಜೆ ಹಿಂದೆ ನಿಲ್ಸಿ.

ಬಲೂನು ಒಡೆದ ಚೂರು ಬಾಯಿಗೆ ಹೋದ್ರೆ ಶ್ವಾಸನಾಳಕ್ಕೆ ಅಂಟ್ಕೊಂಡ್ಬಿಡತ್ತೆ, 8 ವರ್ಷದೊಳಗಿನ ಮಕ್ಕಳಿಗೆ ಅಪಾಯ ಅಂತ ಪ್ಯಾಕೆಟ್ ಮೇಲೇ ಬರ್ದಿರತ್ತೆ ನೋಡಿ. ನೀರಲ್ಲಿ ಊದ್ಕೊಳೋ ಬಣ್ಣದ ಮಣಿಗಳನ್ನ ರಾಕ್ಷಸನ ಕಣ್ಣು ಅಂತ ಇಡ್ತಾರೆ ಕೆಲವ್ರು, ಅದಂತೂ ಬೇಡವೇ ಬೇಡ, ಹೊಟ್ಟೇಲಿ ಊದ್ಕೊಂಡು ಕರುಳು ಕಟ್ಟತ್ತೆ. ಫೋನಲ್ಲಿ ಪಾಯ್ಸನ್ ಹೆಲ್ಪ್ (ವಿಷದ ವಸ್ತು ಹೊಟ್ಟೆಗೆ ಹೋದ್ರೆ ಸಲಹೆ ಕೊಡೋರು) ನಂಬರ್ 1-800-222-1222 ಸೇವ್ ಮಾಡ್ಕೊಂಡಿರಿ, ದೇಶದ ಯಾವ ಮೂಲೆಯಿಂದ ಬೇಕಾದ್ರೂ ಹಗಲು ರಾತ್ರಿ ಸಿಗತ್ತೆ.

ಎರಡನೇ_ಕ್ಲಾಸ್_ಅಪ್ಪ ಬರೆದದ್ದು:

ಆಚರಿಸದ ಮನೆಯವ್ರ ಬಗ್ಗೆ ಯಾರೂ ಹೇಳ್ಲಿಲ್ಲ. ಟೀಚರ್ ಮೂಲಕ ಅವ್ರಿಗೆ ಎರಡು ವಾರ ಮುಂಚೆ ಪ್ಲಾನ್ ಪೂರ್ತಿ ಕಳ್ಸಿ, ಯಾವ ಟೇಬಲಲ್ಲಿ ಏನಿದೆ ಅಂತ. ನಮ್ಮ ಕ್ಲಾಸಲ್ಲಿ ಫಾಲ್ ಪಾರ್ಟಿ (ಶರತ್ಕಾಲದ ಪಾರ್ಟಿ) ಅಂತ ಹೆಸರಿಟ್ಟು ಕುಂಬಳಕಾಯಿ, ಗೂಬೆ, ಬಾವಲಿ ಟೇಬಲ್‌ಗಳನ್ನ ಒಂದು ಕಡೆ, ಮಮ್ಮಿ ಅಸ್ಥಿಪಂಜರ ಇನ್ನೊಂದು ಕಡೆ ಇಟ್ಟಿದ್ವಿ. ಒಂದು ಮನೆಯವ್ರು ಕಳ್ಸಿದ್ರು, ಇನ್ನೊಂದು ಮನೆಯವ್ರು ಬೇಗ ಕರ್ಕೊಂಡು ಹೋದ್ರು, ಎರಡೂ ಅವ್ರಿಷ್ಟ, ಬಲವಂತ ಮಾಡ್ಬೇಡಿ. ವೇಷ ಇಲ್ಲದೇ ಬರೋ ಮಕ್ಕಳೂ ಇರ್ತಾರೆ, ದುಡ್ಡಿಗೆ ಕಷ್ಟ ಇರ್ಬೋದು, ಮರೆತಿರ್ಬೋದು. ಪೇಪರ್ ಪಟ್ಟಿಗೆ ಜೇಡದ ಎಂಟು ಕಾಲು ಅಂಟಿಸಿ ತಲೆಗೆ ಕಟ್ಟೋದನ್ನ ಎಲ್ರಿಗೂ ಮೊದಲ ಕೆಲಸವಾಗಿ ಮಾಡ್ಸಿ, ಆಗ ಯಾರಿಗೆ ವೇಷ ಇರ್ಲಿಲ್ಲ ಅಂತ ಗೊತ್ತೇ ಆಗಲ್ಲ.

ಪುಟ್ಟಿ_ಅಮ್ಮ ಬರೆದದ್ದು (ಪಾರ್ಟಿ ಆದ್ಮೇಲೆ):

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಿನ್ನೆ ಮುಗೀತು, ಒಬ್ರೂ ಅಳ್ಲಿಲ್ಲ. ಬಲೂನು, ಡ್ರೈ ಐಸು, ಕ್ಯಾಂಡಲ್ ಮೂರೂ ಬಿಟ್ಟೆ, ಕ್ಯಾಂಡಲ್ ಡಬ್ಬ ವಾಪಸ್ ಕೊಟ್ಟು ಬಂದೆ. ಟೈಮ್ ಲೆಕ್ಕ ಮಾತ್ರ ತಪ್ತು. ಮಮ್ಮಿ ಟೇಬಲಲ್ಲಿ ಪೇಪರ್ ಹರಿದು ಹರಿದು ಮತ್ತೆ ಸುತ್ತಿ 10 ನಿಮಿಷ ಸಾಲ್ಲೇ ಇಲ್ಲ, ಕೊನೆಗೆ ತಿಂಡಿಗೆ ಆರೇ ನಿಮಿಷ ಉಳೀತು, ಅರ್ಧ ಮಕ್ಕಳು ಹಣ್ಣಿನ ಕಪ್ ಹಾಗೇ ಮನೆಗೆ ಒಯ್ದ್ರು. ಮುಂದೆ ಮಾಡೋರು ತಿಂಡಿ ಮೊದ್ಲು ಇಡಿ.

ಟಾರ್ಚ್ ಹಚ್ಚಿದಾಗ ನನ್ನ ಮಗಳು ಮೊದಲ ಎರಡು ನಿಮಿಷ ನನ್ನ ದುಪಟ್ಟಾ ಹಿಡ್ಕೊಂಡೇ ನಿಂತಿದ್ಲು. ಆಮೇಲೆ ಪಕ್ಕದ ಹುಡುಗ ತನ್ನ ಗೂಬೆನ ದೊಡ್ಡದು ಮಾಡಿದ್ದು ನೋಡಿ ದುಪಟ್ಟಾ ಬಿಟ್ಟು ಹೋದ್ಲು. ರಾತ್ರಿ ಆ ಬಾವಲಿ ಕಡ್ಡಿ, ಟಾರ್ಚು ಎರಡೂ ಹಿಡ್ಕೊಂಡು ಬಾತ್‌ರೂಮ್ ಗೋಡೆ ಮೇಲೆ ಆಡಿಸ್ತಾ, "ಅಮ್ಮ, ನೀನು ಬಾಗಿಲಾಚೆ ನಿಂತ್ಕೊ, ಇಲ್ಲಿ ದೊಡ್ಡದಿದೆ" ಅಂದ್ಲು.

ಟೀಚರ್ ಅಕ್ಕ, ಒಂದು ಕೇಳ್ಬೇಕಿತ್ತು. ಬೀಜ ಎಲ್ಲಾ ತೊಳೆದು ಟವೆಲ್ ಮೇಲೆ ಹರಡಿದೀನಿ, ಮಕ್ಕಳ ಕೈಲಿ ವಸಂತದಲ್ಲಿ ಬಿತ್ತಿಸೋಣ ಅಂತ ಅವರ ಟೀಚರ್ ಹೇಳಿದ್ರು. ಅಲ್ಲಿವರೆಗೆ ಹೇಗೆ ಇಡೋದು?

ಚಾಕ್‌ಪೀಸ್ ಬರೆದದ್ದು:

ಓದಿ ಕಣ್ಣು ತುಂಬ್ತು ಕಣ್ರೀ. ಬೀಜಕ್ಕೆ ಟವೆಲ್ ಬೇಡ, ಅಂಟ್ಕೊಳತ್ತೆ, ತಟ್ಟೆಗೆ ಹಾಕಿ ದಿನಾ ಒಮ್ಮೆ ಕೈಯಾಡಿಸಿ. ಬಗ್ಗಿಸಿದ್ರೆ ಪಟ್ ಅಂತ ಮುರೀಬೇಕು, ಅಷ್ಟು ಒಣಗಿದ್ಮೇಲೆ ಪೇಪರ್ ಕವರಲ್ಲಿ ಹಾಕಿ ತಣ್ಣಗಿರೋ ಒಣ ಜಾಗದಲ್ಲಿ ಇಡಿ, ಪ್ಲಾಸ್ಟಿಕ್ ಬೇಡ, ಬೂಸ್ಟು ಹಿಡಿಯತ್ತೆ. ಕವರ್ ಮೇಲೆ ಮಗಳ ಕೈಲೇ ತಾರೀಖು ಬರೆಸಿ.